ತಡವಾಗಿ ಬರುವವರ ಗತ್ತು

ಎಡ್ವಿನ್ ಪೋರ್ಟರ್ 1903ರಲ್ಲಿ ತೆಗೆದ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ಒಂದು ವಿಚಿತ್ರ ತುಣುಕಿದೆ. ಮೀಸೆಯ ಡಕಾಯಿತನೊಬ್ಬ ಪರದೆ ತುಂಬ ನಿಂತು ಪಿಸ್ತೂಲನ್ನು ನೇರವಾಗಿ ಪ್ರೇಕ್ಷಕರತ್ತ ಹಾರಿಸುತ್ತಾನೆ. ಕಥೆಯ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಮೊದಲಿಗಾದರೂ ಕೊನೆಗಾದರೂ ತೋರಿಸಿಕೊಳ್ಳಬಹುದು ಎಂದು ಎಡಿಸನ್ ಕಂಪನಿಯ ಕೆಟಲಾಗೇ ಪ್ರದರ್ಶಕರಿಗೆ ತಿಳಿಸಿತ್ತು. ಮುಖವನ್ನು ಹತ್ತಿರದಿಂದ ತೋರಿಸಿದರೆ ಜನ ಬೆಚ್ಚುತ್ತಾರೆ ಎಂಬುದು ಸಿನಿಮಾಕ್ಕೆ ಆಗಲೇ ಹೊಳೆದಿತ್ತು. ಯಾವಾಗ ತೋರಿಸಬೇಕು ಎಂಬುದು ಹೊಳೆದಿರಲಿಲ್ಲ.

ರಂಗಭೂಮಿಗೆ ಅದು ಹಳೆಯ ವಿದ್ಯೆ. ಸೂಚನೆಯಿಲ್ಲದೆ ಪಾತ್ರ ರಂಗಕ್ಕೆ ಬರಬಾರದು ಎಂಬುದು ಸಂಸ್ಕೃತ ನಾಟಕದ ಕಟ್ಟಳೆ. ‘ಶಾಕುಂತಲ’ದ ಆರಂಭದಲ್ಲಿ ಸೂತ್ರಧಾರ ನಟಿಯ ಹಾಡನ್ನು ಹೊಗಳುತ್ತಾನೆ: ಓಡುವ ಜಿಂಕೆ ದುಷ್ಯಂತನನ್ನು ಸೆಳೆದೊಯ್ದ ಹಾಗೆ ಅದು ತನ್ನನ್ನು ಸೆಳೆಯಿತಂತೆ. ಮರುಕ್ಷಣ ಜಿಂಕೆಯ ಬೆನ್ನು ಹತ್ತಿದ ದುಷ್ಯಂತನ ರಥ ಬರುತ್ತದೆ. ಕಾಳಿದಾಸ ಒಂದು ಉಪಮೆಯಲ್ಲೇ ಬಾಗಿಲು ತೆರೆದ. ಫ್ರಾನ್ಸಿನ ಮೋಲಿಯೇರ್ ಇನ್ನಷ್ಟು ಸತಾಯಿಸಿದ. ‘ತಾರ್ತೂಫ್’ನಲ್ಲಿ ಎರಡು ಅಂಕಗಳುದ್ದಕ್ಕೂ ಮನೆಮಂದಿಯೆಲ್ಲ ತಾರ್ತೂಫನ ಹೆಸರೆತ್ತಿ ಕಚ್ಚಾಡುತ್ತಾರೆ; ಆಸಾಮಿ ಮುಖ ತೋರಿಸುವುದು ಮೂರನೆಯ ಅಂಕದಲ್ಲಿ.

ಕಾಯಿಸುವ ಈ ಕಲೆಗೆ ಸಿನಿಮಾ ತನ್ನದೇ ಪಟ್ಟುಗಳನ್ನು ಸೇರಿಸಿತು. 1931ರ ‘ಫ್ರಾಂಕೆನ್‌ಸ್ಟೈನ್’ನ ಟೈಟಲ್‌ನಲ್ಲಿ ರಾಕ್ಷಸನ ಪಾತ್ರಧಾರಿಯ ಹೆಸರಿರಬೇಕಾದ ಕಡೆ ಇದ್ದದ್ದು ಬರೀ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ಹೆಜ್ಜೆ ಸಪ್ಪಳ. ಬಾಗಿಲು ತೆರೆದರೆ ಕಾಣಿಸುವುದು ಬೆನ್ನು! ಬೋರಿಸ್ ಕಾರ್ಲಾಫ್ ಹಿಂದುಹಿಂದಾಗಿ ಒಳಬಂದು ನಿಧಾನವಾಗಿ ತಿರುಗುತ್ತಾರೆ. ನಿರ್ದೇಶಕ ಜೇಮ್ಸ್ ವೇಲ್ ಅಲ್ಲಿಂದ ಥಟ್ಟನೆ ಒಂದರ ಮೇಲೊಂದು ಕಟ್ ಕೊಟ್ಟು ಮುಖದ ಹತ್ತಿರಕ್ಕೆ ಹೋಗುತ್ತಾರೆ. ನಾಟಕದಲ್ಲಿ ನಟ ಪ್ರೇಕ್ಷಕನ ಬಳಿಗೆ ಬರಬೇಕು. ಇಲ್ಲಿ ಪ್ರೇಕ್ಷಕನನ್ನೇ ಎಳೆದೊಯ್ದು ನಟನ ಮುಂದೆ ನಿಲ್ಲಿಸಿದಂತಾಯಿತು.

1939ರ ‘ಸ್ಟೇಜ್‌ಕೋಚ್’ನಲ್ಲಿ ಜಾನ್ ಫೋರ್ಡ್ ಮಾಡಿದ್ದೂ ಅದನ್ನೇ, ಕಟ್ ಇಲ್ಲದೆ. ರಿಂಗೋ ಎಂಬುವನು ಜೈಲಿನಿಂದ ತಪ್ಪಿಸಿಕೊಂಡಿದ್ದಾನೆಂಬ ಮಾತು ಮೊದಲು ಕಿವಿಗೆ ಬೀಳುತ್ತದೆ. ನಂತರ ಗುಂಡಿನ ಸದ್ದು. ಗಾಡಿ ನಿಲ್ಲುತ್ತದೆ. ಒಂದು ಕೈಯಲ್ಲಿ ಜೀನು ಹಿಡಿದು, ಇನ್ನೊಂದರಲ್ಲಿ ಬಂದೂಕನ್ನು ಗಿರ್ರನೆ ತಿರುಗಿಸುತ್ತ ಜಾನ್ ವೇನ್ ನಿಂತಿದ್ದಾರೆ. ಕ್ಯಾಮೆರಾ ಅವರತ್ತ ಎಷ್ಟು ರಭಸದಿಂದ ನುಗ್ಗುತ್ತದೆಂದರೆ ನಡುವೆ ಒಂದು ಕ್ಷಣ ಫೋಕಸ್ ತಪ್ಪಿ ಚಿತ್ರ ಮಂಜಾಗುತ್ತದೆ. ಫೋರ್ಡ್ ಆ ತಪ್ಪನ್ನು ಹಾಗೆಯೇ ಉಳಿಸಿದರು. ನನಗಂತೂ ಆ ಮಂಜೇ ಇಷ್ಟ. ಕ್ಯಾಮೆರಾಗೂ ಒಮ್ಮೆ ಏದುಸಿರು ಬಂದಂತೆ. ಅದಕ್ಕೆ ಮುಂಚಿನ ಸುಮಾರು ಒಂದು ದಶಕ ಕಡಿಮೆ ಖರ್ಚಿನ ಚಿತ್ರಗಳಲ್ಲಿ ಸವೆಯುತ್ತಿದ್ದ ವೇನ್ ಆ ಚಿತ್ರದ ನಂತರ ತಾರೆಯಾದರು.

‘ದಿ ಥರ್ಡ್ ಮ್ಯಾನ್’ (1949) ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸತ್ತು ಹೂಳಿಸಿಕೊಂಡವನೆಂದು ಎಲ್ಲರೂ ನಂಬಿದ ಹ್ಯಾರಿ ಲೈಮ್, ಚಿತ್ರ ಒಂದು ಗಂಟೆ ದಾಟಿದ ಮೇಲೆ ವಿಯೆನ್ನಾದ ಕತ್ತಲ ಬಾಗಿಲೊಂದರಲ್ಲಿ ನಿಂತಿರುತ್ತಾನೆ. ಅವನ ಗುರುತು ಮೊದಲು ಹಿಡಿಯುವುದು ಅವನ ಬೂಟಿಗೆ ಒರಗಿದ ಬೆಕ್ಕು. ಮೇಲಿನ ಕಿಟಕಿಯ ಬೆಳಕು ಬಿದ್ದಾಗ ಆರ್ಸನ್ ವೆಲ್ಸ್ ತುಟಿಯಂಚಿನಲ್ಲಿ ನಗುತ್ತಾರೆ. ಅಷ್ಟೇ, ಮತ್ತೆ ಮಾಯ.

ಆದರೆ ಕಾಯುವಿಕೆಯನ್ನೇ ಬಿಚ್ಚಿ ಹರಡಿ ತೋರಿಸಿದವರು ಡೇವಿಡ್ ಲೀನ್. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದ ಬಾವಿಯ ದೃಶ್ಯದಲ್ಲಿ ಇರುವುದು ಇಬ್ಬರು, ಲಾರೆನ್ಸ್ ಮತ್ತು ಅವನ ಮಾರ್ಗದರ್ಶಿ; ಸುತ್ತ ಮರಳುಗಾಡು. ದಿಗಂತದಲ್ಲಿ ಒಂದು ಕಪ್ಪು ಚುಕ್ಕೆ. ಬಿಸಿಗಾಳಿಯ ಬಿಸಿಲ್ಗುದುರೆಯಲ್ಲಿ ಅದು ನಡುಗುತ್ತದೆ, ಉದ್ದವಾಗುತ್ತದೆ, ನೀರಿನ ಮೇಲೆ ತೇಲಿದಂತೆ ಕಾಣುತ್ತದೆ. ಹಿನ್ನೆಲೆ ಸಂಗೀತವಿಲ್ಲ. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಇದಕ್ಕೆಂದೇ 482 ಮಿಲಿಮೀಟರಿನ ಲೆನ್ಸ್ ಬಳಸಿದ್ದರು; ಅಷ್ಟು ಉದ್ದದ ಲೆನ್ಸ್ ದೂರವನ್ನು ಚಪ್ಪಟೆ ಮಾಡುವುದರಿಂದ ಒಂಟೆ ಓಡಿದರೂ ಹತ್ತಿರ ಬಂದಂತೆ ಅನಿಸುವುದಿಲ್ಲ. ಬರುತ್ತಿರುವವನು ಮಿತ್ರನೋ ಶತ್ರುವೋ ತಿಳಿಯದು. ಮಾರ್ಗದರ್ಶಿ ಹೆದರಿ ಪಿಸ್ತೂಲಿಗೆ ಕೈಹಾಕುತ್ತಾನೆ, ಗುಂಡು ತಗುಲಿ ಬೀಳುತ್ತಾನೆ. ಆಮೇಲೆ ಸವಾರ ಮುಖದ ಬಟ್ಟೆ ಸರಿಸಿದಾಗ ಕಾಣುವುದು ಒಮರ್ ಷರೀಫ್, ಈಜಿಪ್ಟಿನಲ್ಲಿ ಆಗಲೇ ತಾರೆ, ಪಶ್ಚಿಮಕ್ಕೆ ಹೊಸಬ. ಕಪ್ಪು ಚುಕ್ಕೆಯಾಗಿ ಹೊರಟವನು ಮುಖವಾಗುವ ಹೊತ್ತಿಗೆ ಒಂದು ಹೆಣ ಬಿದ್ದಿರುತ್ತದೆ. ಪಾತ್ರದ ಪರಿಚಯಕ್ಕೆ ಮತ್ತೇನು ಬೇಕು?

1975ರಲ್ಲಿ ಭಾರತದಲ್ಲಿ ಎರಡು ಪ್ರವೇಶಗಳಾದವು. ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ ‘ಶೋಲೆ’ಯಲ್ಲಿ ಮುಖಕ್ಕೆ ಮೊದಲು ಬೂಟುಗಳು ಅತ್ತಿಂದಿತ್ತ ನಡೆಯುತ್ತವೆ, ಬೆಲ್ಟೊಂದು ಕಲ್ಲಿನ ಮೇಲೆ ಕರಕರ ಉಜ್ಜುತ್ತದೆ. ಗಬ್ಬರ್ ಸಿಂಗ್ ಬಾಯಿ ತೆರೆಯುವ ಮುನ್ನವೇ ಅವನ ಮುಂದೆ ನಿಂತ ಮೂವರ ಗತಿ ನಮಗೆ ಗೊತ್ತಾಗಿರುತ್ತದೆ. ಇನ್ನೊಂದು, ಕೆ. ಬಾಲಚಂದರ್ ಅವರ ತಮಿಳಿನ ‘ಅಪೂರ್ವ ರಾಗಂಗಳ್’. ಗಡ್ಡ ಬಿಟ್ಟ ಅಪರಿಚಿತನೊಬ್ಬ ಗೇಟು ತಳ್ಳಿಕೊಂಡು ಒಳಬರುತ್ತಾನೆ. ಶಿಳ್ಳೆ ಹಾಕಲು ಯಾರಿಗೂ ಕಾರಣವಿರಲಿಲ್ಲ. ಅದು ರಜನಿಕಾಂತ್ ಅವರ ಮೊದಲ ಚಿತ್ರ.

ಅದೇ ರಜನಿಕಾಂತ್ ಮುಂದೆ ತೆರೆಗೆ ಬಂದರೆ ಚಿತ್ರಮಂದಿರದಲ್ಲಿ ಕಾಗದದ ಚೂರು ಹಾರತೊಡಗಿತು. ನನ್ನ ಪ್ರಕಾರ ಲೆಕ್ಕ ಬದಲಾದದ್ದು ಇಲ್ಲಿ. ಫೋರ್ಡ್, ಲೀನ್ ಮುಂತಾದವರು ಕಾತರವನ್ನು ಚಿತ್ರದೊಳಗೇ ಇಂಚಿಂಚಾಗಿ ಬೆಳೆಸಬೇಕಿತ್ತು. ತಾರೆಯ ಚಿತ್ರಕ್ಕೆ ಆ ಕಷ್ಟವಿಲ್ಲ. ಪ್ರೇಕ್ಷಕ ಅದನ್ನು ಮನೆಯಿಂದಲೇ ಹೊತ್ತು ತರುತ್ತಾನೆ. ಹಾಗಾಗಿ ಧೂಳೆಬ್ಬಿಸುವ ಕಾರು, ನಿಧಾನಗತಿಯ ನಡಿಗೆ, ಕನ್ನಡಕ ಎಲ್ಲ ಸೇರಿ ಬರುತ್ತಿರುವುದು ನಟ, ಪಾತ್ರವಲ್ಲ. ಅದರ ಸಂಭ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹತ್ತು ನಿಮಿಷವನ್ನು ಕತ್ತರಿಸಿ ಇನ್ನೊಂದು ಚಿತ್ರಕ್ಕೆ ಅಂಟಿಸಿದರೂ ನಡೆದೀತು, ಪೋರ್ಟರನ ಡಕಾಯಿತನ ತುಣುಕಿನಂತೆ.

1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ನಲ್ಲಿ ಸೆರೆಯಲ್ಲಿರುವ ನರಭಕ್ಷಕ ಕೊಲೆಗಾರ ಹ್ಯಾನಿಬಲ್ ಲೆಕ್ಟರ್ ಎಲ್ಲಿಂದಲೂ ಬರುವುದೇ ಇಲ್ಲ. ಗಾಜು ಮುಟ್ಟಬೇಡ ಎಂಬ ಎಚ್ಚರಿಕೆಗಳನ್ನು ಕೇಳಿಸಿಕೊಂಡು, ಅರಚುವ ಕೈದಿಗಳ ಕೋಣೆಗಳನ್ನು ದಾಟಿ ನಡೆಯುವವಳು ತನಿಖೆಗೆ ಬಂದ ತರುಣಿ. ಕೊನೆಯ ಕೋಣೆಯಲ್ಲಿ ಸರಳುಗಳಿಲ್ಲ, ಬರೀ ಗಾಜು. ಅದರಾಚೆ ಆಂಟನಿ ಹಾಪ್ಕಿನ್ಸ್ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಾರೆ, ಅವಳು ಯಾವ ಹೊತ್ತಿಗೆ ಬರುತ್ತಾಳೆಂದು ಮೊದಲೇ ತಿಳಿದಿದ್ದವರಂತೆ.