ಎಸ್ಕಾಫ್ಲೋನೆ ಯಾರ ಕಾಪಿಯೂ ಅಲ್ಲ ಮಾರಾಯ್ರೇ

ಓದುಗರ ಪ್ರಶ್ನೆ: "ಚಿಕ್ಕಂದಿನಲ್ಲಿ ನೋಡಿದ್ದು ಅಂತ ಎಸ್ಕಾಫ್ಲೋನ್ ಅನ್ನುವ ಜಪಾನಿ ಕಾರ್ಟೂನ್ ಬಗ್ಗೆ ಆಗಾಗ ಬರೀತೀರಿ. ಒಂದೆರಡು ತುಣುಕು ಹುಡುಕಿ ನೋಡಿದೆ. ರೋಬೋ ಮಡಚಿಕೊಂಡು ಡ್ರ್ಯಾಗನ್ ಆಗುತ್ತೆ, ಹಾರುತ್ತೆ. ಇದು ಟ್ರಾನ್ಸ್‌ಫಾರ್ಮರ್ಸ್ ಕಾಪಿ ತಾನೇ? ಈಗ ಕೂತು ನೋಡಿದರೆ ಹಿಡಿಸುತ್ತಾ?"

ಎರಡನೆಯದಕ್ಕೆ ಉತ್ತರ ಸುಲಭ. ಹಿಡಿಸುತ್ತದೆ, ಮೂಗುಗಳನ್ನು ಸಹಿಸಿಕೊಂಡರೆ. ನೊಬುತೇರು ಯೂಕಿ ಬರೆದ ಪಾತ್ರಗಳ ಮೂಗು ಆಗಷ್ಟೇ ಮೆಂಡರ್‌ನಲ್ಲಿ ತಿರುವಿದ ಪೆನ್ಸಿಲ್ಲಿನ ಹಾಗೆ ಚೂಪು. ಎರಡು ಕಂತು ಮುಗಿಯುವಷ್ಟರಲ್ಲಿ ಕಣ್ಣು ಒಗ್ಗುತ್ತದೆ.

ಮೊದಲನೆಯದನ್ನು ಮಾತ್ರ ಸುಮ್ಮನೆ ಬಿಡುವ ಹಾಗಿಲ್ಲ. ಇದೊಂದು ಪ್ರಶ್ನೆಗೆ ನಾನು ಮದುವೆ ಮನೆಯ ಪಂಕ್ತಿಯಲ್ಲಿ ಉತ್ತರ ಕೊಟ್ಟಿದ್ದೇನೆ, ಶಿವಮೊಗ್ಗದ ಬಸ್ಸಿನಲ್ಲಿ ನೇತಾಡಿಕೊಂಡು ಕೊಟ್ಟಿದ್ದೇನೆ, ಫ್ಯಾಮಿಲಿ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದೇನೆ. "ಹೌದಾ!" ಅಂತಾರೆ. ಮುಂದಿನ ಹಬ್ಬಕ್ಕೆ ಸಿಕ್ಕಾಗ ಮತ್ತೆ ಅದನ್ನೇ ಕೇಳ್ತಾರೆ. ಇವತ್ತು ಬರೆದೇ ಇಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ದಾಟಿಸುವುದು.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಜಪಾನಿಯರ ಬಾಯಲ್ಲಿ ಅದು ಎಸ್ಕಾಫ್ಲೋನೆ. ಕೊನೆಯ 'ನೆ' ನುಂಗಬೇಡಿ. 1996ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟಿವಿ ಟೋಕಿಯೊದಲ್ಲಿ ಬಂದ 26 ಕಂತಿನ ಧಾರಾವಾಹಿ. ಮಾಡಿದ್ದು ಸನ್‌ರೈಸ್ ಸ್ಟುಡಿಯೊ, ನಿರ್ದೇಶನ ಕಾಜುಕಿ ಅಕಾನೆ, ಮೂಲ ಕಲ್ಪನೆ ಶೋಜಿ ಕವಾಮೊರಿ. ಈ ಮೂರನೇ ಹೆಸರನ್ನು ಮಡಿಲಲ್ಲಿ ಕಟ್ಟಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಾಪಿ ಅನ್ನುವವರ ಲೆಕ್ಕ ಇಷ್ಟೇ: ಟ್ರಾನ್ಸ್‌ಫಾರ್ಮರ್ಸ್ 1984ರದ್ದು, ಎಸ್ಕಾಫ್ಲೋನೆ 1996ರದ್ದು, ಎರಡರಲ್ಲೂ ರೋಬೋ ಆಕಾರ ಬದಲಿಸುತ್ತದೆ, ಅಂದಮೇಲೆ ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಕದ್ದಿದೆ. ಇನ್ನು ಕೆಲವರು ಟ್ರಾನ್ಸ್‌ಫಾರ್ಮರ್ಸ್ ಅಂದರೆ 2007ರ ಸಿನಿಮಾದಿಂದಲೇ ಶುರು ಅಂದುಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ಹನ್ನೊಂದು ವರ್ಷ ಮೊದಲೇ ಕದಿಯಲಾಗಿದೆ. ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ಕಾಫಿ ಕುಡಿಸಿ ಕಳಿಸುತ್ತೇನೆ.

ಈಗ ನಡೆದದ್ದು ಕೇಳಿ. ಜಪಾನಿನಲ್ಲಿ ತಕಾರಾ ಅಂತ ಆಟಿಕೆ ಕಂಪನಿ. 1980ರಲ್ಲಿ ಅವರು ಡಯಾಕ್ಲೋನ್ ಅನ್ನುವ ಸರಣಿ ಶುರು ಮಾಡಿದರು. ಕಾರು, ಟ್ರಕ್ಕುಗಳನ್ನು ಮಡಚಿ ತಿರುಚಿ ರೋಬೋ ಮಾಡುವ ಆಟಿಕೆಗಳು ಅದರಲ್ಲಿ ಬಂದವು. ಇವು ಜೀವವಿರುವ ರೋಬೋಗಳಲ್ಲ, ಮನುಷ್ಯ ಒಳಗೆ ಕೂತು ಓಡಿಸುವ ಯಂತ್ರಗಳು. ಹಾಗಾಗಿ ಕಾಲಡಿಯಲ್ಲಿ ಅಯಸ್ಕಾಂತವಿರುವ ಪುಟಾಣಿ ಚಾಲಕ ಗೊಂಬೆಯನ್ನೂ ಜೊತೆಗೆ ಕೊಡುತ್ತಿದ್ದರು. 1983ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿಯವರು ಟೋಕಿಯೊದ ಆಟಿಕೆ ಮೇಳದಲ್ಲಿ ಇವನ್ನು ನೋಡಿ, ಒಪ್ಪಂದ ಮಾಡಿಕೊಂಡು, ಆಟಿಕೆಗಳನ್ನು ತಮ್ಮೂರಿಗೆ ಒಯ್ದರು. ಚಾಲಕನನ್ನು ಕಿತ್ತುಹಾಕಿದರು. ರೋಬೋಗಳಿಗೇ ಜೀವ, ಮಾತು, ಜಗಳ ಎಲ್ಲ ಕೊಟ್ಟರು. ಕಥೆ, ಹೆಸರು ಕಟ್ಟಿದ್ದು ಮಾರ್ವೆಲ್ ಕಾಮಿಕ್ಸ್‌ನವರು. ಟ್ರಕ್ಕಾಗುವ ನಾಯಕ ರೋಬೋಗೆ ಆಪ್ಟಿಮಸ್ ಪ್ರೈಮ್ ಅನ್ನುವ ಹೆಸರಿಟ್ಟದ್ದು ಅಲ್ಲಿನ ಡೆನಿಸ್ ಓನೀಲ್. 1984ರಲ್ಲಿ ಅಂಗಡಿಗೂ ಟಿವಿಗೂ ಟ್ರಾನ್ಸ್‌ಫಾರ್ಮರ್ಸ್ ಅಂತ ಬಂದದ್ದು ಈ ಹೊಸ ಅವತಾರ. ಆ ಕಾರ್ಟೂನಿನ ಚಿತ್ರಗಳನ್ನು ಬಹುಪಾಲು ಬರೆದದ್ದೂ ಜಪಾನಿನ ತೋಯೆ ಸ್ಟುಡಿಯೊದವರೇ.

ಸಾಕ್ಷಿ ಬೇಕಾ? ಹಳೆಯ ಆಪ್ಟಿಮಸ್ ಪ್ರೈಮ್ ಆಟಿಕೆ ಯಾರ ಹತ್ತಿರವಾದರೂ ಸಿಕ್ಕರೆ ಎದೆಯ ಮೇಲಿನ ಕಿಟಕಿ ತೆರೆದು ನೋಡಿ. ಒಳಗೆ ಕೂರುವ ಜಾಗ ಇದೆ. ತಾನೇ ಯೋಚಿಸಿ, ತಾನೇ ಭಾಷಣ ಮಾಡುವ ರೋಬೋನ ಎದೆಯೊಳಗೆ ಯಾರಿಗೆ ಸೀಟು? ಕಿತ್ತುಹಾಕಿದ ಆ ಚಾಲಕನಿಗೆ. ಬಾಡಿಗೆಯವರು ಖಾಲಿ ಮಾಡಿದರೂ ಗೋಡೆಗೆ ಹೊಡೆದ ಮೊಳೆ ಹಾಗೇ ಉಳಿಯುತ್ತದಲ್ಲ, ಇದೂ ಹಾಗೆ.

ಈಗ ಮಡಿಲಿನ ಗಂಟು ಬಿಚ್ಚಿ. ಡಯಾಕ್ಲೋನ್ ಆಟಿಕೆಗಳ ವಿನ್ಯಾಸದಲ್ಲಿ ಕೈಯಾಡಿಸಿದವರಲ್ಲಿ ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಶೋಜಿ ಕವಾಮೊರಿ ಒಬ್ಬರು. ಆಪ್ಟಿಮಸ್ ಪ್ರೈಮ್ ಆಗಿ ಹೋದ ಟ್ರಕ್ಕಿನ ಆಟಿಕೆಯಲ್ಲೂ ಅವರ ಕೈಯಿದೆ. ಅವರೊಬ್ಬರದೇ ಅನ್ನುವುದಿಲ್ಲ, ಅದು ಗುಂಪಿನ ಕೆಲಸ. ಸಾಲದ್ದಕ್ಕೆ 1982ರ ಮ್ಯಾಕ್ರಾಸ್ ಧಾರಾವಾಹಿಗೆ ಅವರು ಮಾಡಿದ ರೋಬೋ ಆಗುವ ಯುದ್ಧವಿಮಾನ, ಅದರ ಆಟಿಕೆಯನ್ನೇ ಹ್ಯಾಸ್ಬ್ರೊ 1985ರಲ್ಲಿ ಜೆಟ್‌ಫೈರ್ ಅಂತ ಮಾರಿತು. ಕಾರ್ಟೂನಿನಲ್ಲಿ ಹಾಗೇ ತೋರಿಸಲು ಹಕ್ಕಿನ ತಕರಾರು, ಆದ್ದರಿಂದ ಅಲ್ಲಿ ರೂಪ ಬದಲಿಸಿ ಸ್ಕೈಫೈರ್ ಅಂದರು.

ಅಂದರೆ ನೀವು ಕೇಳುತ್ತಿರುವುದು ಏನು? ಅಡುಗೆ ಭಟ್ಟರ ಸಾರನ್ನು ಪಕ್ಕದ ಮನೆಯವರು ಹೊಸ ಪಾತ್ರೆಗೆ ಸುರಿದುಕೊಂಡು ಬಡಿಸಿದರು. ಹತ್ತು ವರ್ಷ ಬಿಟ್ಟು ಅದೇ ಭಟ್ಟರು ಇನ್ನೊಂದು ಸಾರು ಮಾಡಿದಾಗ, "ಭಟ್ರೇ, ಇದು ಪಕ್ಕದ ಮನೆ ಸಾರಿನ ಕಾಪಿ ತಾನೇ?"

ಆಯ್ತು, ಕವಾಮೊರಿಯನ್ನೂ ಬಿಡೋಣ. ಆಕಾರ ಬದಲಿಸುವ ರೋಬೋ ಅವರು ಬರುವುದಕ್ಕೂ ಮುಂಚಿನದ್ದು. 1975ರ ಬ್ರೇವ್ ರೈದೀನ್‌ನಲ್ಲಿ ಮುಳುಗಿಹೋದ ಮೂ ಸಾಮ್ರಾಜ್ಯದ ರೋಬೋ ಹಕ್ಕಿಯಾಗಿ ಹಾರುತ್ತಿತ್ತು. ಕಳೆದುಹೋದ ನಾಗರಿಕತೆ, ಮಾಯದ ಯಂತ್ರ, ರೆಕ್ಕೆ. ಎಸ್ಕಾಫ್ಲೋನೆಗೆ ಅಜ್ಜ ಬೇಕೆಂದರೆ ಇಲ್ಲಿ ಹುಡುಕಿ. ಚಿಕ್ಕಪ್ಪ ಬೇಕೆಂದರೆ 1983ರ ಡನ್‌ಬೈನ್ ಇದೆ. ಅದರಲ್ಲೂ ನಮ್ಮ ಲೋಕದವನೊಬ್ಬ ಕೋಟೆ ಕೊತ್ತಲಗಳಿರುವ ಇನ್ನೊಂದು ಲೋಕಕ್ಕೆ ಹೋಗಿ ಬೀಳುತ್ತಾನೆ, ಅಲ್ಲೂ ರೋಬೋ ಏರಿ ಕತ್ತಿ ಹಿಡಿಯುತ್ತಾರೆ.

ಆದರೆ ಇಸವಿಗಳಿಂದ ಈ ವಾದ ಗೆಲ್ಲುವುದು ನನಗೆ ಇಷ್ಟವಿಲ್ಲ. ಎರಡರ ಜಾತಿಯೇ ಬೇರೆ ಅನ್ನುವುದನ್ನು ತೋರಿಸಬೇಕು. ನಿಮ್ಮ ಮನೆಯಲ್ಲಿ ಎಂಬತ್ತರ ದಶಕದ ದೂರದರ್ಶನ ನೋಡಿದವರಿದ್ದರೆ ಜೈಂಟ್ ರೋಬೋಟ್ ಬಗ್ಗೆ ಕೇಳಿ. ಹುಡುಗ ಕೈಗಡಿಯಾರಕ್ಕೆ ಬಾಯಿಟ್ಟು ಅಪ್ಪಣೆ ಕೊಡುತ್ತಾನೆ, ಬೆಟ್ಟದಂಥ ರೋಬೋ ದೂರದಿಂದ ಬಂದು ಅದನ್ನು ಪಾಲಿಸುತ್ತದೆ. ಅದು ಒಂದು ಜಾತಿ: ಹೇಳಿದ್ದು ಕೇಳುವ ಆಳು. ಟ್ರಾನ್ಸ್‌ಫಾರ್ಮರ್ಸ್ ಇನ್ನೊಂದು: ಗರುಡನ ಹಾಗೆ ಸ್ವಂತ ಬುದ್ಧಿ, ಸ್ವಂತ ಸಿಟ್ಟು, ಬೇಕೆನಿಸಿದರೆ ಹೊತ್ತುಕೊಂಡು ಹೋಗುತ್ತದೆ. ಮೂರನೆಯದು ರಥ. ರಥಕ್ಕೆ ತನ್ನದೇ ಇಚ್ಛೆ ಇಲ್ಲ, ಏರಿದವನಿಲ್ಲದೆ ಅದು ಮರ ಮತ್ತು ಕಬ್ಬಿಣ. 1972ರಲ್ಲಿ ಗೋ ನಾಗಾಯ್ ಅನ್ನುವ ಜಪಾನಿ ಕಾಮಿಕ್ಸ್ ಕಲಾವಿದರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಕಾರಿಗೆ ಕಾಲು ಬಂದು ಎಲ್ಲರನ್ನೂ ದಾಟಿಕೊಂಡು ಹೋಗುವಂತಿದ್ದರೆ ಅಂತ ಯೋಚಿಸಿ ಮಾಜಿಂಗರ್ ಜಡ್ ಬರೆದರಲ್ಲ, ಅಲ್ಲಿಂದ ಈ ರಥದ ಪರಂಪರೆಗೆ ವೇಗ ಬಂತು. ಸಿಲ್ಕ್ ಬೋರ್ಡಿನಲ್ಲಿ ನಿಂತವರಿಗೆ ಆ ಯೋಚನೆಯನ್ನು ವಿವರಿಸಬೇಕಾಗಿಲ್ಲ.

ಎಸ್ಕಾಫ್ಲೋನೆ ರಥ, ಅದೂ ರಕ್ತ ಕೇಳುವ ರಥ. ಗಾಯಾ ಅನ್ನುವ ಲೋಕ. ಅಲ್ಲಿನ ಆಕಾಶದಲ್ಲಿ ನಮ್ಮ ಚಂದ್ರನೂ ಅದರ ಪಕ್ಕದಲ್ಲಿ ನಮ್ಮ ಭೂಮಿಯೂ ಕಾಣುತ್ತವೆ. ಫಾನೇಲಿಯಾ ಅನ್ನುವ ಪುಟ್ಟ ರಾಜ್ಯದ ಯುವರಾಜ ವಾನ್ ಪಟ್ಟಕ್ಕೇರಬೇಕಾದರೆ ಡ್ರ್ಯಾಗನ್ ಕೊಂದು ಅದರ ಹೃದಯದಿಂದ ಎನರ್ಜಿಸ್ಟ್ ಅನ್ನುವ ಕಲ್ಲು ತರಬೇಕು. ಊರಿಗೆ ಬೆಂಕಿ ಬಿದ್ದ ರಾತ್ರಿ ಅವನು ತನ್ನ ಕೈಯ ರಕ್ತವನ್ನು ಆ ಕಲ್ಲಿಗೆ ಸವರಿ, ಅದನ್ನು ಎಸ್ಕಾಫ್ಲೋನೆಯ ಎದೆಗೆ ಇಡುತ್ತಾನೆ. ಆಮೇಲಷ್ಟೇ ಅದು ಏಳುವುದು. ಒಳಗೆ ಹೊಕ್ಕು ಅವನು ಕೈ ಎತ್ತಿದರೆ ಅದರ ಕೈ ಏಳುತ್ತದೆ, ಕಾಲಿಟ್ಟರೆ ಹೆಜ್ಜೆ. ಡ್ರ್ಯಾಗನ್ ಆದಾಗ ಒಳಗೆ ಕೂರುವ ಹಾಗೂ ಇಲ್ಲ, ಬೆನ್ನ ಮೇಲೆ ಬಯಲಿನಲ್ಲೇ ನಿಂತು ಗಾಳಿ ತಿನ್ನಬೇಕು.

ನಾನು ಇದನ್ನು ನೋಡಿದ್ದು ಆರನೇ ಕ್ಲಾಸಿನಲ್ಲಿ, ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ ರೈಟ್ ಮಾಡಿ ತಂದ ಏಳು ಸಿ.ಡಿ.ಗಳಲ್ಲಿ. ಅದರಲ್ಲಿ ನಡುವಿನದೊಂದು ಗೀಚಿಹೋಗಿತ್ತು. ಬನಿಯನ್ನಿನಲ್ಲಿ ಒರೆಸಿದೆವು, ಯಾರೋ ಹೇಳಿದರು ಅಂತ ಟೂತ್‌ಪೇಸ್ಟೂ ಉಜ್ಜಿದೆವು. ಊಹೂಂ. ಹಾಗಾಗಿ ನಮ್ಮ ಪಾಲಿಗೆ ಕಥೆ ನಡುವೆ ಒಮ್ಮೆ ಜಿಗಿಯುತ್ತಿತ್ತು. ಜಿಗಿದು ನೋಡಿದರೆ, ಕತ್ತಿಯ ಏಟು ಬೀಳುವುದು ಯಂತ್ರಕ್ಕೆ, ರಕ್ತ ಬರುವುದು ವಾನ್‌ನ ಮೈಯಿಂದ. ಯಾಕೆ ಅಂತ ನಮಗೆ ಗೊತ್ತಿಲ್ಲ. ಅಣ್ಣ ಒಂದು ಕಾರಣ ಹೇಳಿದ, ನಾನೊಂದು ಹೇಳಿದೆ, ಅದೇ ವಿಷಯಕ್ಕೆ ಹೊಡೆದಾಡಿಕೊಂಡೆವು. ಮೊದಲ ರಾತ್ರಿಯ ಆ ರಕ್ತದ ಒಪ್ಪಂದವೇ ಯಂತ್ರದ ಗಾಯವನ್ನು ಏರಿದವನ ಮೈಗೆ ಬರೆಯುತ್ತಿದೆ ಅನ್ನುವುದು ತಿಳಿದದ್ದು ವರ್ಷಗಳ ಮೇಲೆ, ಬಿಟ್ಟುಹೋದ ಕಂತುಗಳು ಸಿಕ್ಕಾಗ. ಈಗ ಹೇಳಿ, ಆಪ್ಟಿಮಸ್ ಪ್ರೈಮ್‌ಗೆ ಪೆಟ್ಟಾದರೆ ಬೇರೆ ಯಾರ ಭುಜದಲ್ಲಿ ರಕ್ತ ಬರುತ್ತದೆ?

ಇಷ್ಟಾದರೂ ಕಾಪಿ ಅನ್ನುವ ಮಾತು ಸಾಯುವುದಿಲ್ಲ. ಅದಕ್ಕೆ ಅರ್ಧ ಕಾರಣ ಅಮೆರಿಕದ ಪ್ರಸಾರ ಅಂತ ನನ್ನ ಗುಮಾನಿ. 2000ದ ಆಗಸ್ಟ್‌ನಲ್ಲಿ ಫಾಕ್ಸ್ ಕಿಡ್ಸ್ ಅನ್ನುವ ಮಕ್ಕಳ ವಾಹಿನಿ ಇದನ್ನು ಹುಡುಗರ ರೋಬೋ ಕಾಳಗವೆಂಬಂತೆ ಕತ್ತರಿಸಿ ಹಾಕಿತು. ಮೊದಲ ಕಂತನ್ನೇ ಕೈಬಿಟ್ಟರು. ಯೋಕೊ ಕಾನ್ನೊ ಮತ್ತು ಹಾಜಿಮೆ ಮಿಜೊಗುಚಿ ಮಾಡಿದ ಸಂಗೀತ ತೆಗೆದು ಎಷ್ಟೋ ಕಡೆ ಡಬಡಬ ಬಡಿತ ತುಂಬಿದರು. ಜನ ನೋಡಲಿಲ್ಲ ಅಂತ ಹತ್ತು ಕಂತಿಗೆ ನಿಲ್ಲಿಸಿದರು. ಮೀನಿನ ಮುಳ್ಳಷ್ಟೇ ಬಡಿಸಿ ಊಟ ಸೇರಲಿಲ್ಲ ಅಂದರೆ?

ಕೈಬಿಟ್ಟ ಆ ಮೊದಲ ಕಂತಿನಲ್ಲಿ ರೋಬೋ ಕೆಲಸವೇ ಇಲ್ಲ. ಹಿತೋಮಿ ಅನ್ನುವ ಶಾಲೆಯ ಹುಡುಗಿ ಇದ್ದಾಳೆ, ಓಟಗಾರ್ತಿ, ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುವವಳು. ಸೀನಿಯರ್ ಹುಡುಗನ ಮೇಲೆ ಮನಸ್ಸು. ನೂರು ಮೀಟರನ್ನು 13 ಸೆಕೆಂಡಿನೊಳಗೆ ಓಡಿದರೆ ಮೊದಲ ಮುತ್ತು ಕೊಡಬೇಕು ಅಂತ ಅವನ ಹತ್ತಿರ ಕೇಳುತ್ತಾಳೆ. ಅವಳ ಕೊರಳಿನ ಪದಕ ಒಂದು ಸಲ ತೂಗಿದರೆ ಸರಿಯಾಗಿ ಒಂದು ಸೆಕೆಂಡು, ಅದರಲ್ಲೇ ಲೆಕ್ಕ. ಓಟದ ನಡುವೆ ಬೆಳಕಿನ ಕಂಬ ಇಳಿದು ವಾನ್ ಬರುತ್ತಾನೆ, ಹಿಂದೆಯೇ ಡ್ರ್ಯಾಗನ್. ವಾನ್ ಸಾಯುವುದು ಹಿತೋಮಿಗೆ ಮುಂಚೆಯೇ ಕಾಣುತ್ತದೆ, ಕೂಗಿ ಎಚ್ಚರಿಸಿ ಉಳಿಸುತ್ತಾಳೆ. ಇಡೀ ಕಥೆ ಇವಳದ್ದು. ಇವಳಿಗೆ ದನಿ ಕೊಟ್ಟ, ಶೀರ್ಷಿಕೆ ಹಾಡನ್ನೂ ಹಾಡಿದ ಮಾಯಾ ಸಾಕಾಮೊತೊಗೆ ಆಗಷ್ಟೇ ಹದಿನಾರು. ಹುಡುಗಿಯನ್ನು ಪಕ್ಕಕ್ಕೆ ಸರಿಸಿದರೆ ಉಳಿಯುವುದು ಮಡಚುವ ರೋಬೋ ಮಾತ್ರ, ಆಗ ಕಾಪಿ ಅನಿಸುವುದರಲ್ಲಿ ಆಶ್ಚರ್ಯವಿಲ್ಲ.

39 ಕಂತಿಗೆ ಯೋಚಿಸಿದ್ದನ್ನು ದುಡ್ಡಿಲ್ಲದೆ 26ಕ್ಕೆ ಇಳಿಸಿದರು, ಹಾಗಾಗಿ ಕೊನೆಯ ಕಂತುಗಳು ಉಸಿರು ಬಿಡದೆ ಓಡುತ್ತವೆ. ಅದು ನಿಜವಾದ ದೂರು. ಆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ, ಕೇಳಲಿ ಅಂತ ನಾನು ಕಾಯುತ್ತಲೇ ಇದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಬೇಡದವರು ಇಲ್ಲಿಗೇ ನಿಲ್ಲಿಸಿ. ಎಲ್ಲರ ವಿಧಿಯನ್ನೂ ತಾನೇ ತಿರುಗಿಸುತ್ತೇನೆ ಅಂತ ದೊಡ್ಡ ಯಂತ್ರ ಕಟ್ಟಿಕೊಂಡು ಕೂತ ಮುದಿ ಚಕ್ರವರ್ತಿ ಡಾರ್ನ್‌ಕಿರ್ಕ್ ಮೂಲತಃ ನಮ್ಮ ಭೂಮಿಯವನು, ಮತ್ತು ಅವನು ಐಸಾಕ್ ನ್ಯೂಟನ್. ಹೌದು, ಅದೇ ನ್ಯೂಟನ್. ವಸ್ತುಗಳಿಗೆ ಗುರುತ್ವ ಇರುವ ಹಾಗೆ ವಿಧಿಗೂ ಒಂದು ಸೆಳೆತ ಇರಲೇಬೇಕು ಅನ್ನುವುದು ಅವನ ಸಿದ್ಧಾಂತ.

ತಮಾಷೆ ಅನಿಸುತ್ತದೆ, ಆದರೆ ಬರೆದವರು ನ್ಯೂಟನ್‌ನನ್ನು ಸುಮ್ಮನೆ ಆರಿಸಿಲ್ಲ ಅಂತ ನನಗನಿಸುತ್ತದೆ. 1727ರಲ್ಲಿ ತೀರಿಕೊಂಡ ಆ ಮನುಷ್ಯ ಭೌತಶಾಸ್ತ್ರದಷ್ಟೇ ಶ್ರದ್ಧೆಯಿಂದ ರಸವಿದ್ಯೆಯ ಬೆನ್ನು ಹತ್ತಿದ್ದ. ಕೀಳು ಲೋಹವನ್ನು ಚಿನ್ನ ಮಾಡುವ ಕಲ್ಲಿನ ಬಗ್ಗೆ ರಾಶಿ ರಾಶಿ ಬರೆದಿಟ್ಟಿದ್ದ. 1936ರಲ್ಲಿ ಲಂಡನ್ನಿನಲ್ಲಿ ಆ ಕಾಗದಗಳು ಹರಾಜಿಗೆ ಬಂದಾಗ ಅರ್ಥಶಾಸ್ತ್ರಜ್ಞ ಕೇನ್ಸ್ ಸಾಕಷ್ಟನ್ನು ಕೊಂಡು ಓದಿ, ಇವನು ವಿಚಾರ ಯುಗದ ಮೊದಲನೆಯವನಲ್ಲ, ಮಾಂತ್ರಿಕರಲ್ಲಿ ಕೊನೆಯವನು ಅಂದರು.

ಏಳನೇ ಕ್ಲಾಸಿನಲ್ಲಿ ಗುರುತ್ವದ ಪಾಠ ನಡೆಯುವಾಗ ಮೇಷ್ಟ್ರು ನ್ಯೂಟನ್ ಬಗ್ಗೆ ಇನ್ನೇನು ಗೊತ್ತು ಅಂತ ಕೇಳಿದರು. ನಾನು ಎದ್ದು ನಿಂತು, ಅವನು ಸತ್ತ ಮೇಲೆ ಬೇರೆ ಲೋಕಕ್ಕೆ ಹೋಗಿ ಚಕ್ರವರ್ತಿ ಆದ ಸಾರ್ ಅಂದೆ. ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ಅದು ಯಾವ ಗೈಡಲ್ಲಿ ಕೊಟ್ಟಿದ್ದಾರೋ?" ಅಂದರು.