ಯುದ್ಧದಿಂದ ನಲುಗಿದ ದೇಶದಲ್ಲಿ ಹೊರಗಿನ ನೆರವು ಉದ್ಯೋಗ ಸೃಷ್ಟಿಸಬಲ್ಲದೇ?

ಓದುಗರ ಪ್ರಶ್ನೆ: ಯುದ್ಧ ಕಂಡ ದೇಶಗಳಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದೇವೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಆಗಾಗ ಹೇಳುತ್ತವೆ. ನೆರವಿನ ಹಣ ನಿಂತ ಮೇಲೆ ಆ ಕೆಲಸಗಳು ಉಳಿಯುತ್ತವೆಯೇ?

ಉತ್ತರ: ಬಹುಪಾಲು ಉಳಿಯುವುದಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಉಳಿಯಲೆಂದು ರೂಪಿಸಿಯೂ ಇರುವುದಿಲ್ಲ. ಹೊರಗಿನ ಹಣ ಕೆಲಸದ ದಿನಗಳನ್ನು ಕೊಡಬಲ್ಲದು, ಆದರೆ ಉದ್ಯೋಗ ನೆಲೆಯೂರಬೇಕಾದರೆ ಸರಕು ಸಾಗುವ ದಾರಿ, ಕೊಳ್ಳುವವರು, ಬಂಡವಾಳ ಮತ್ತು ಓಡಾಡುವ ಸ್ವಾತಂತ್ರ್ಯ ಬೇಕು. ಈ ವ್ಯತ್ಯಾಸವನ್ನು ಗಮನಿಸದೆ ಪ್ರಕಟಣೆಗಳ ಅಂಕಿಗಳನ್ನು ಓದಿದರೆ ದಾರಿ ತಪ್ಪುತ್ತೇವೆ. ಉದಾಹರಣೆಗೆ, ಒಂದು ಯೋಜನೆ 10,000 ಜನರಿಗೆ ತಲಾ 40 ದಿನ ಕೆಲಸ ಕೊಟ್ಟಿತೆಂದುಕೊಳ್ಳೋಣ. ಒಟ್ಟು 4 ಲಕ್ಷ ಮಾನವ ದಿನಗಳಾದವು. ವರ್ಷಕ್ಕೆ 250 ದಿನ ದುಡಿಯುವವರ ಲೆಕ್ಕದಲ್ಲಿ ನೋಡಿದರೆ ಅದು 1,600 ಜನರ ಒಂದು ವರ್ಷದ ದುಡಿಮೆಗೆ ಮಾತ್ರ ಸಮ. ಹತ್ತು ಸಾವಿರ ಕುಟುಂಬಗಳಿಗೆ ಕಷ್ಟಕಾಲದಲ್ಲಿ ಕೂಲಿ ಸಿಕ್ಕಿದ್ದು ನಿಜ, ಅದು ಸಣ್ಣ ವಿಷಯವೂ ಅಲ್ಲ. ಆದರೆ ಹತ್ತು ಸಾವಿರ ಉದ್ಯೋಗಗಳು ಸೃಷ್ಟಿಯಾದವು ಎಂದರೆ ಅದು ಸರಿಯಲ್ಲ.

ಈ ಕ್ಷೇತ್ರದ ಮುಖ್ಯ ಸಂಸ್ಥೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಹುಟ್ಟಿದ್ದೇ ಯುದ್ಧದ ಬೆನ್ನಿಗೆ, 1919ರ ವರ್ಸೇಲ್ಸ್ ಒಪ್ಪಂದದ ಭಾಗವಾಗಿ. ಸಾಮಾಜಿಕ ನ್ಯಾಯದ ತಳಹದಿಯಿಲ್ಲದೆ ಶಾಶ್ವತ ಶಾಂತಿ ಸಾಧ್ಯವಿಲ್ಲ ಎಂಬ ಮಾತು ಅದರ ಸಂವಿಧಾನದ ಪ್ರಸ್ತಾವನೆಯಲ್ಲೇ ಇದೆ. ಯುದ್ಧದಿಂದ ಶಾಂತಿಯೆಡೆಗೆ ಸಾಗುವಾಗ ಉದ್ಯೋಗ ವ್ಯವಸ್ಥೆ ಹೇಗಿರಬೇಕೆಂಬುದನ್ನು ಕುರಿತು 1944ರಲ್ಲಿ ಅದು 71ನೇ ಶಿಫಾರಸನ್ನು ಅಂಗೀಕರಿಸಿತು. ಆಗ ಕಣ್ಣಮುಂದಿದ್ದವರು ಸೇನೆಯಿಂದ ಮನೆಗೆ ಮರಳುವ ಸೈನಿಕರು ಮತ್ತು ಯುದ್ಧ ಸಾಮಗ್ರಿ ಕಾರ್ಖಾನೆಗಳ ಕಾರ್ಮಿಕರು. ಅದರ ಬದಲಿಗೆ 2017ರಲ್ಲಿ ಬಂದ 205ನೇ ಶಿಫಾರಸು ನಿರಾಶ್ರಿತರನ್ನು, ಆಂತರಿಕವಾಗಿ ಸ್ಥಳಾಂತರಗೊಂಡವರನ್ನು, ಪ್ರಕೃತಿ ವಿಕೋಪಕ್ಕೆ ಸಿಕ್ಕವರನ್ನೂ ಒಳಗೊಂಡಿತು. ಈ ನಡುವೆ, 2009ರ ಹೊತ್ತಿಗೆ, ಸಂಘರ್ಷಾನಂತರದ ಉದ್ಯೋಗ ಕುರಿತ ನೀತಿಯೊಂದನ್ನು ವಿಶ್ವಸಂಸ್ಥೆ ಹೊರತಂದಿತ್ತು. ತುರ್ತು ಕೂಲಿ, ಸ್ಥಳೀಯ ಆರ್ಥಿಕತೆಯ ಚೇತರಿಕೆ, ದೀರ್ಘಕಾಲದ ಉದ್ಯೋಗ ಎಂಬ ಮೂರು ಹಾದಿಗಳು ಒಂದರ ನಂತರ ಒಂದಲ್ಲ, ಮೊದಲ ದಿನದಿಂದಲೇ ಒಟ್ಟಿಗೆ ಸಾಗಬೇಕು ಎಂಬುದು ಅದರ ತಿರುಳು. ಕಾಗದದ ಮೇಲೆ ಎಲ್ಲರೂ ಒಪ್ಪಿರುವ ಮಾತು ಇದು. ನೆಲದ ಮೇಲೆ ಮಾತ್ರ ಮೊದಲನೆಯ ಹಾದಿಗೆ ಹಣ ಬೇಗ ಬರುತ್ತದೆ, ಉಳಿದೆರಡು ಕಾಯುತ್ತಲೇ ಇರುತ್ತವೆ.

ಮೊದಲನೆಯ ಹಾದಿಯ ಕೆಲಸಗಳೆಂದರೆ ಹೆಚ್ಚಾಗಿ ಹಳ್ಳಿ ರಸ್ತೆ, ಚರಂಡಿ, ಮೋರಿ, ನೀರಾವರಿ ಕಾಲುವೆ, ಶಾಲಾ ಕಟ್ಟಡಗಳ ದುರಸ್ತಿ. ಯಂತ್ರಗಳಿದ್ದೂ ಜನರ ಕೈಯಿಂದ ಏಕೆ ಮಾಡಿಸುತ್ತಾರೆ ಎಂದು ಹಲವರು ಕೇಳುತ್ತಾರೆ. ಯಂತ್ರಗಳೇ ರಸ್ತೆ ಮಾಡಿದರೆ ವೆಚ್ಚದ ದೊಡ್ಡ ಪಾಲು ಬಾಡಿಗೆ, ಇಂಧನ ಮತ್ತು ಬಿಡಿಭಾಗಗಳ ರೂಪದಲ್ಲಿ ಹೊರಗೆ ಹೋಗುತ್ತದೆ; ಜನ ಮಾಡಿದರೆ ಅದರ ಗಣನೀಯ ಪಾಲು ಕೂಲಿಯಾಗಿ ಅದೇ ಊರಿನ ಅಂಗಡಿಗಳಿಗೆ ತಲುಪುತ್ತದೆ. 1970ರ ದಶಕದಿಂದ ಐಎಲ್‌ಒ ಬೆಳೆಸಿಕೊಂಡು ಬಂದಿರುವ ಶ್ರಮಪ್ರಧಾನ ನಿರ್ಮಾಣ ಪದ್ಧತಿಯ ತರ್ಕ ಇದು. ಅಗೆತ, ಮಣ್ಣು ಹರಡುವಿಕೆ, ಕಲ್ಲು ಕಟ್ಟುವ ಕೆಲಸಗಳನ್ನು ಜನ ಮಾಡುತ್ತಾರೆ. ಮಣ್ಣು ಗಟ್ಟಿಗೊಳಿಸುವ ರೋಲರ್, ದೂರದಿಂದ ಜಲ್ಲಿ ತರುವ ಲಾರಿ ಇದ್ದೇ ಇರುತ್ತವೆ. ಎಲ್ಲವನ್ನೂ ಕೈಯಿಂದಲೇ ಮಾಡಿಸಬೇಕೆಂಬ ಹಟ ಹಿಡಿದರೆ ಮುಂದಿನ ಮಳೆಗಾಲಕ್ಕೇ ರಸ್ತೆ ಕೊಚ್ಚಿಹೋಗುತ್ತದೆ, ಆಗ ಕೂಲಿಯೂ ವ್ಯರ್ಥ, ರಸ್ತೆಯೂ ಇಲ್ಲ.

ಇಲ್ಲಿ ಅತಿ ಸೂಕ್ಷ್ಮವಾದ ನಿರ್ಧಾರ ಕೂಲಿಯದು. ಕೂಲಿ ಹೆಚ್ಚಾದರೆ ಹೊಲ ಬಿಟ್ಟು, ಇರುವ ಸಣ್ಣ ಕೆಲಸ ಬಿಟ್ಟು ಜನ ಬರುತ್ತಾರೆ. ಬಿತ್ತನೆಯ ಕಾಲದಲ್ಲಿ ಇದು ಆಹಾರ ಉತ್ಪಾದನೆಗೇ ಪೆಟ್ಟು. ಕಡಿಮೆಯಾದರೆ ಅದು ಹಸಿದವರ ದುಡಿಮೆಯನ್ನು ಅಗ್ಗವಾಗಿ ಕೊಂಡಂತಾಗುತ್ತದೆ. ಆದ್ದರಿಂದ ಊರಿನ ಚಾಲ್ತಿ ಕೂಲಿಗಿಂತ ತುಸು ಕಡಿಮೆ, ಆದರೆ ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆಯಲ್ಲದ ದರವನ್ನು ಸಾಮಾನ್ಯವಾಗಿ ಆರಿಸುತ್ತಾರೆ. ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ, ಹೇಳಿದ ದಿನಕ್ಕೆ ಪಾವತಿ, ಗಾಯಗೊಂಡವರಿಗೆ ವಿಮೆ, ಯಾವ ಪಂಗಡದವರಿಗೆ ಎಷ್ಟು ಕೆಲಸ ಹೋಯಿತೆಂಬ ಬಹಿರಂಗ ಪಟ್ಟಿ, ಇವೆಲ್ಲ ಕಚೇರಿಯ ವಿಧಿಗಳಂತೆ ಕಾಣಬಹುದು. ಆದರೆ ನಿನ್ನೆಯವರೆಗೆ ಪರಸ್ಪರ ಬಂದೂಕು ಹಿಡಿದಿದ್ದ ಎರಡು ಗುಂಪುಗಳ ಊರಿನಲ್ಲಿ ಹಾಜರಿ ಪುಸ್ತಕ ಒಂದು ಕಡೆಯವರ ಕೈಗೆ ಸಿಕ್ಕರೆ, ನೆರವೇ ಹೊಸ ಜಗಳಕ್ಕೆ ಕಾರಣವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಂಥ ಯೋಜನೆಯೊಂದನ್ನು ಅಳೆಯಲು ಎಷ್ಟು ಕಿಲೋಮೀಟರ್ ರಸ್ತೆ ಆಯಿತೆಂಬುದಕ್ಕಿಂತ ಹಾಜರಿ ಪುಸ್ತಕ ಯಾರ ಬಳಿ ಇತ್ತೆಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತ.

ರಸ್ತೆ ಮುಗಿದ ಮೇಲೆ ಏನು ಉಳಿಯಬಹುದೆಂಬುದಕ್ಕೆ ಆಗ್ನೇಯ ಏಷ್ಯಾದ ಪುಟ್ಟ ದ್ವೀಪ ದೇಶ ಟಿಮೋರ್-ಲೆಸ್ಟೆ ಒಂದು ಉದಾಹರಣೆ. ಇಂಡೋನೇಷ್ಯಾದಿಂದ ಬೇರ್ಪಡುವ ಕುರಿತ 1999ರ ಜನಮತಗಣನೆಯ ನಂತರದ ಹಿಂಸೆಯಲ್ಲಿ ಅಲ್ಲಿನ ಮೂಲಸೌಕರ್ಯದ ಬಹುಭಾಗ ನಾಶವಾಯಿತು. 2002ರಲ್ಲಿ ದೇಶ ಸ್ವತಂತ್ರವಾಯಿತು, 2006ರಲ್ಲಿ ಮತ್ತೆ ಗಲಭೆ ಎದ್ದು ಸುಮಾರು ಒಂದೂವರೆ ಲಕ್ಷ ಜನ ಮನೆ ತೊರೆದರು. 2012ರಲ್ಲಿ ಆಸ್ಟ್ರೇಲಿಯಾದ ಹಣ ಮತ್ತು ಐಎಲ್‌ಒದ ತಾಂತ್ರಿಕ ನೆರವಿನೊಂದಿಗೆ ಆರಂಭವಾದ ಗ್ರಾಮೀಣ ರಸ್ತೆ ಕಾರ್ಯಕ್ರಮವು ಕೂಲಿ ಕೊಡುವುದಕ್ಕೆ ನಿಲ್ಲದೆ, ಸ್ಥಳೀಯ ಸಣ್ಣ ಗುತ್ತಿಗೆದಾರರಿಗೆ ಟೆಂಡರ್ ತುಂಬುವುದು, ಅಂದಾಜುಪಟ್ಟಿ ಸಿದ್ಧಪಡಿಸುವುದು, ಗುಣಮಟ್ಟ ಪರೀಕ್ಷಿಸುವುದನ್ನು ಕಲಿಸಿತು. ಸರ್ಕಾರದ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳ ಜೊತೆಗೇ ಕೆಲಸ ಮಾಡಿತು. ದಿನಗೂಲಿಯ ಕೆಲಸ ಅಲ್ಲಿಯೂ ತಾತ್ಕಾಲಿಕವೇ. ಆದರೆ ರಸ್ತೆ ಮಾಡಬಲ್ಲ ಸಂಸ್ಥೆಗಳು ಮತ್ತು ಅವನ್ನು ನಿರ್ವಹಿಸಬಲ್ಲ ಇಲಾಖೆ ದೇಶದೊಳಗೇ ಬೆಳೆದರೆ, ಮುಂದೆ ದೇಶದ ಸ್ವಂತ ಬಜೆಟ್ಟಿನ ಹಣವೂ ಅದೇ ದಾರಿಯಲ್ಲಿ ಹರಿಯಬಹುದು.

ಕೂಲಿಯ ಬದಲು ಬಂಡವಾಳವನ್ನೇ ಕೊಟ್ಟರೆ? ಎರಡು ದಶಕಗಳ ದಂಗೆಯಿಂದ ಚೇತರಿಸಿಕೊಳ್ಳುತ್ತಿದ್ದ ಉತ್ತರ ಉಗಾಂಡಾದಲ್ಲಿ ಸರ್ಕಾರ 2008ರಲ್ಲಿ ಯುವಕ ಯುವತಿಯರ ಗುಂಪುಗಳಿಗೆ, ಕಸುಬು ಕಲಿತು ಉಪಕರಣ ಕೊಳ್ಳಲೆಂದು, ಸದಸ್ಯರೊಬ್ಬರಿಗೆ ಸುಮಾರು 382 ಡಾಲರ್ ಲೆಕ್ಕದಲ್ಲಿ ಹಣ ನೀಡಿತು. ಅರ್ಜಿದಾರ ಗುಂಪುಗಳಲ್ಲಿ ಹಣ ಯಾರಿಗೆ ಎಂಬುದನ್ನು ಲಾಟರಿಯಿಂದ ನಿರ್ಧರಿಸಿದ್ದರಿಂದ ಪಡೆದವರನ್ನೂ ಪಡೆಯದವರನ್ನೂ ಹೋಲಿಸುವುದು ಸಾಧ್ಯವಾಯಿತು. ನಾಲ್ಕು ವರ್ಷಗಳ ನಂತರ ಹಣ ಪಡೆದವರ ಗಳಿಕೆ ಉಳಿದವರಿಗಿಂತ ಶೇ 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷಗಳ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಮಾಯವಾಗಿತ್ತು, ಏಕೆಂದರೆ ಹಣ ಪಡೆಯದವರೂ ನಿಧಾನವಾಗಿ ದುಡಿದು ಅಲ್ಲಿಗೆ ತಲುಪಿದ್ದರು. ಇದನ್ನು ವೈಫಲ್ಯವೆನ್ನಲು ನನಗೆ ಮನಸ್ಸಿಲ್ಲ. ಬಡತನದ ಹಲವು ವರ್ಷಗಳನ್ನು ಒಬ್ಬರ ಬದುಕಿನಿಂದ ಕಡಿಮೆ ಮಾಡುವುದೂ ಲಾಭವೇ.

ಕೆಲಸ ಸಿಕ್ಕರೆ ಜನ ಬಂದೂಕು ಬಿಡುತ್ತಾರೆಯೇ ಎಂಬುದು ಇದರ ಹಿಂದಿನ ದೊಡ್ಡ ಪ್ರಶ್ನೆ. 2003ರಲ್ಲಿ ಯುದ್ಧ ಮುಗಿದ ಲೈಬೀರಿಯಾದಲ್ಲಿ ಮಾಜಿ ಹೋರಾಟಗಾರರಿಗೆ ಕೃಷಿ ತರಬೇತಿ ಮತ್ತು ಸಲಕರಣೆ ನೀಡಿದ ಕಾರ್ಯಕ್ರಮವೊಂದರ ಅಧ್ಯಯನ ಎಚ್ಚರದ ಉತ್ತರ ಕೊಡುತ್ತದೆ. ಅವರು ಅಕ್ರಮ ಗಣಿ, ಮರಗಳ್ಳತನದಂಥ ಕೆಲಸಗಳಿಗೆ ಕೊಡುತ್ತಿದ್ದ ಸಮಯ ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ನೆರೆಯ ಕೋತ್ ದಿವ್ವಾರ್‌ನ (ಐವರಿ ಕೋಸ್ಟ್) 2010-11ರ ಯುದ್ಧಕ್ಕೆ ಲೈಬೀರಿಯಾದಲ್ಲಿ ಬಾಡಿಗೆ ಸೈನಿಕರ ನೇಮಕ ನಡೆದಾಗ, ಈ ಮಾಜಿ ಹೋರಾಟಗಾರರಲ್ಲಿ ಅದರಿಂದ ಹೆಚ್ಚು ದೂರ ಉಳಿದವರು, ಇನ್ನೊಂದು ಕಂತಿನ ನೆರವು ಬರಲಿದೆಯೆಂದು ಕಾಯುತ್ತಿದ್ದವರು. ಅಂದರೆ ಈಗಾಗಲೇ ಕೈಸೇರಿದ್ದಕ್ಕಿಂತ ಮುಂದೆ ಬರಲಿರುವುದರ ಭರವಸೆ ಅವರನ್ನು ಹೆಚ್ಚು ಬಲವಾಗಿ ತಡೆಯಿತು. ಒಂದೇ ಬಾರಿಗೆ ಎಲ್ಲವನ್ನೂ ಹಂಚಿ ಹೊರಟುಹೋಗುವ ಯೋಜನೆಗಳು ಯೋಚಿಸಬೇಕಾದ ಸಂಗತಿ ಇದು.

ನೆರವು ಹಠಾತ್ತಾಗಿ ನಿಂತರೆ ಏನಾಗುತ್ತದೆಂಬುದನ್ನು ಅಫ್ಘಾನಿಸ್ತಾನ ತೋರಿಸಿತು. 2021ರ ಆಗಸ್ಟ್‌ಗೆ ಮುನ್ನ ಅಲ್ಲಿನ ಸಾರ್ವಜನಿಕ ವೆಚ್ಚದ ಸುಮಾರು ಮುಕ್ಕಾಲು ಭಾಗ ವಿದೇಶಿ ನೆರವಿನಿಂದ ನಡೆಯುತ್ತಿತ್ತು. ತಾಲಿಬಾನ್ ಅಧಿಕಾರ ಹಿಡಿದು ಆಡಳಿತ ಬದಲಾದ ಆ ಮೂರು ತಿಂಗಳಲ್ಲೇ, ಬಿಕ್ಕಟ್ಟು ಬರದಿದ್ದರೆ ಇರಬಹುದಾಗಿದ್ದ ಪ್ರಮಾಣಕ್ಕೆ ಹೋಲಿಸಿದರೆ, ಐದು ಲಕ್ಷಕ್ಕೂ ಹೆಚ್ಚು ಉದ್ಯೋಗಗಳು ಇಲ್ಲವಾದವೆಂದು ಐಎಲ್‌ಒ ಅಂದಾಜಿಸಿತು. ಅತಿ ಕಠಿಣ ಹೊಡೆತ ಬಿದ್ದದ್ದು ಮಹಿಳೆಯರ ದುಡಿಮೆಗೆ. ಅದಕ್ಕೆ ಹಣದ ಕೊರತೆಯ ಜೊತೆಗೆ ನೇರ ನಿರ್ಬಂಧಗಳೂ ಕಾರಣ.

ಪ್ಯಾಲೆಸ್ಟೈನ್‌ನಲ್ಲಿ ಸಮಸ್ಯೆಯ ಬೇರು ಇನ್ನೂ ಬೇರೆ. ಇಸ್ರೇಲ್ ಜೊತೆಗಿನ 1994ರ ಪ್ಯಾರಿಸ್ ಆರ್ಥಿಕ ಒಪ್ಪಂದದ ಪ್ರಕಾರ ಅಲ್ಲಿನ ಆಮದು ಸುಂಕವನ್ನು ಇಸ್ರೇಲ್ ಸಂಗ್ರಹಿಸಿ ಪ್ಯಾಲೆಸ್ಟೈನ್ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ಆ ವರ್ಗಾವಣೆ ತಡೆಹಿಡಿಯಲ್ಪಟ್ಟಾಗ ಶಿಕ್ಷಕರು, ದಾದಿಯರ ಸಂಬಳಕ್ಕೇ ಕತ್ತರಿ ಬೀಳುತ್ತದೆ. 2023ರ ಅಕ್ಟೋಬರ್‌ವರೆಗೆ ಪಶ್ಚಿಮ ದಂಡೆಯ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇಸ್ರೇಲ್ ಮತ್ತು ಅದರ ವಸಾಹತುಗಳಲ್ಲಿ ದುಡಿಯುತ್ತಿದ್ದರು, ಪ್ಯಾಲೆಸ್ಟೈನ್‌ನ ಕನಿಷ್ಠ ವೇತನವಾದ ತಿಂಗಳಿಗೆ 1,880 ಶೆಕೆಲ್‌ಗಿಂತ ಬಹಳ ಹೆಚ್ಚು ಗಳಿಸುತ್ತಿದ್ದರು. ಗಾಜಾ ಯುದ್ಧ ಆರಂಭವಾಗಿ ಅವರ ಕೆಲಸದ ಪರ್ಮಿಟ್‌ಗಳು ಅಮಾನತಾದಾಗ ಅವರಲ್ಲಿ ಬಹುತೇಕರ ಗಳಿಕೆ ಒಮ್ಮೆಲೇ ನಿಂತಿತು. ಪಶ್ಚಿಮ ದಂಡೆಯಲ್ಲಿ ಸಿಕ್ಕಿಬಿದ್ದ ಗಾಜಾ ಕಾರ್ಮಿಕರಿಗೆ ಐಎಲ್‌ಒ ತುರ್ತು ನಗದು ನೆರವು ನೀಡಿತು. ಅದು ಅಗತ್ಯವಾಗಿತ್ತು. ಆದರೆ ಅಷ್ಟು ಜನರ ದುಡಿಮೆಯ ಜಾಗವನ್ನು ತುಂಬಬಲ್ಲ ತರಬೇತಿ ಕಾರ್ಯಕ್ರಮವಾಗಲಿ ಅನುದಾನವಾಗಲಿ ಯಾವ ಸಂಸ್ಥೆಯ ಬಳಿಯೂ ಇಲ್ಲ. ಆ ಬಾಗಿಲು ತೆರೆಯುವ ಅಧಿಕಾರ ಇರುವುದು ತಪಾಸಣಾ ಠಾಣೆಗಳನ್ನೂ ಸುಂಕದ ಹಣವನ್ನೂ ನಿಯಂತ್ರಿಸುವವರ ಕೈಯಲ್ಲಿ.