ಒಬ್ಬನೇ ಗಿರಾಕಿ, ಮೂರು ಬಾಕಿ

ಬಳ್ಳಾರಿಯ ಒಂದು ಜೀನ್ಸ್ ಘಟಕದಿಂದ ಕರೆ ಬಂದಿತ್ತು. "ಸರ್, ಈ ಪಾರ್ಟಿ ಬಾಕಿ ಪುಸ್ತಕದಾಗ ಜಾಸ್ತಿ ಐತಿ, ಕಂಪ್ಯೂಟರ್‌ನಾಗ ಕಮ್ಮಿ ತೋರಿಸ್ತದ್ರಿ" ಎಂದರು ಮಾಲೀಕರು. ಹೋಗಿ ನೋಡಿದೆ. ಒಬ್ಬನೇ ಗಿರಾಕಿ, ಹೆಸರು ಮೂರು ಥರ. ಒಂದರಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಬಾಕಿಯೂ ಮೂರು ಪಾಲಾಗಿತ್ತು.

ಡೇಟಾ ಎಲ್ಲ ಮಾಂಗೋಡಿಬಿ ಎಂಬ ಡೇಟಾಬೇಸ್‌ನಲ್ಲಿತ್ತು. ಒಂದು ಬಿಲ್ ಅಂದರೆ ಒಂದು ಡಾಕ್ಯುಮೆಂಟ್, ಗಿರಾಕಿಯ ಹೆಸರು ಅದರೊಳಗೇ. ಮಾಂಗೋಡಿಬಿಯನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಬಿಲ್‌ಗೂ ಹೆಸರು ಹೊಸದಾಗಿ ಟೈಪ್ ಮಾಡೋಕೆ ಬಿಟ್ಟಿದ್ದೇ ತಪ್ಪು.

ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿ ಮುಂದಿಟ್ಟರು. ಅದರಲ್ಲಿ ಗಿರಾಕಿಗೆ ಒಂದು ಟೇಬಲ್, ಬಿಲ್‌ಗೆ ಒಂದು ಟೇಬಲ್, ನಡುವೆ ಒಂದು ನಂಬರಿನ ಕೊಂಡಿ. ಕೊಂಡಿ ಸರಿಯಾಗಿ ಹಾಕಿದ್ದರೆ, ಪಟ್ಟಿಯಲ್ಲಿಲ್ಲದ ಗಿರಾಕಿಗೆ ಬಿಲ್ ಹಾಕಲು ಡೇಟಾಬೇಸೇ ಬಿಡುವುದಿಲ್ಲ. ಆದರೆ ದರವನ್ನು ಮಾತ್ರ ಬಿಲ್‌ನೊಳಗೇ ನಕಲು ಮಾಡಿಡಬೇಕು. ಇಲ್ಲದಿದ್ದರೆ ಇವತ್ತು ದರ ಏರಿಸಿದರೆ ಹೋದ ವರ್ಷದ ಬಿಲ್ಲೂ ಏರುತ್ತದೆ! ಇಂಥದ್ದನ್ನೂ ನೋಡಿದ್ದೇನೆ.

ಇನ್ನು ಟ್ರಾನ್ಸಾಕ್ಷನ್. ಸ್ಟಾಕ್ ಕಮ್ಮಿಯಾಗುವುದು, ಬಿಲ್ ಬೀಳುವುದು ಎರಡೂ ಒಟ್ಟಿಗೆ ಆಗಬೇಕು. ನಡುವೆ ಕರೆಂಟ್ ಹೋದರೆ ಎರಡೂ ಆಗಬಾರದು. ಹಲವು ಡಾಕ್ಯುಮೆಂಟ್‌ಗಳಿಗೆ ಒಂದೇ ಟ್ರಾನ್ಸಾಕ್ಷನ್ ಹಾಕುವ ಅನುಕೂಲ ಮಾಂಗೋಡಿಬಿಗೂ 2018ರಲ್ಲಿ, 4.0 ಆವೃತ್ತಿಯಲ್ಲಿ ಬಂತು. ಇವರ ಪ್ರೋಗ್ರಾಂ ಅದನ್ನು ಮುಟ್ಟಿಯೇ ಇರಲಿಲ್ಲ.

ಡಿಸೈನ್‌ಗಳ ವಿಷಯ ಬೇರೆ. ಒಂದು ಪ್ಯಾಂಟಿಗೆ ವಾಷ್‌ನ ವಿವರ ಬೇಕು, ಇನ್ನೊಂದಕ್ಕೆ ಎಂಬ್ರಾಯ್ಡರಿ, ಮಗುವಿನ ಪ್ಯಾಂಟಿಗೆ ಎಲಾಸ್ಟಿಕ್. ಇದಕ್ಕೆಲ್ಲ ಕಾಲಂ ಮಾಡುತ್ತ ಹೋದರೆ ಅರ್ಧ ಟೇಬಲ್ ಖಾಲಿ. ಇಲ್ಲಿ ಒಂದೊಂದಕ್ಕೂ ಬೇಕಾದ ವಿವರ ಮಾತ್ರ ಇಡಬಹುದಾದ ಡಾಕ್ಯುಮೆಂಟ್ ಮಾದರಿಯೇ ಸಲೀಸು.

ಹಾಗಾದರೆ ಲೆಕ್ಕಕ್ಕೊಂದು, ಡಿಸೈನ್‌ಗೊಂದು ಅಂತ ಎರಡು ಡೇಟಾಬೇಸ್ ಇಡೋಣ್ವಾ? ಇಷ್ಟು ಸಣ್ಣ ಘಟಕಕ್ಕೆ ಬೇಡ ಎಂದೆ. ಎರಡಿದ್ದರೆ ಎರಡು ಬ್ಯಾಕಪ್. ಒಂದು ರಾತ್ರಿ ಹತ್ತಕ್ಕೆ, ಇನ್ನೊಂದು ಹನ್ನೊಂದಕ್ಕೆ ತೆಗೆದಿದ್ದರೆ, ವಾಪಸ್ ಹಾಕಿದಾಗ ಬಿಲ್‌ನಲ್ಲಿರುವ ಡಿಸೈನ್ ಪಟ್ಟಿಯಲ್ಲಿ ಇಲ್ಲದೇ ಹೋಗಬಹುದು. ಪೋಸ್ಟ್‌ಗ್ರೆಸ್ ಎಂಬ ರಿಲೇಷನಲ್ ಡೇಟಾಬೇಸ್‌ನಲ್ಲಿ 2014ರಿಂದ ಜೇಸನ್‌ಬಿ ಕಾಲಂ ಇದೆ, ಡಾಕ್ಯುಮೆಂಟ್‌ನಂಥ ವಿವರವನ್ನು ಅದರೊಳಗೇ ಇಡಬಹುದು. ಲೆಕ್ಕವನ್ನು ಟೇಬಲ್‌ಗಳಲ್ಲಿ ಇಟ್ಟೆವು, ಡಿಸೈನ್ ವಿವರವನ್ನು ಆ ಒಂದು ಕಾಲಂನಲ್ಲಿ. ಹೊಸ ಡೇಟಾಬೇಸ್‌ಗೆ ಸಾಗಿಸುವುದು ಬೇಗ ಮುಗಿಯಿತು. ಹೆಸರು ಜೋಡಿಸೋಕೆ ಮಾತ್ರ ಗುಮಾಸ್ತರ ಪಕ್ಕ ಕೂತು ದಿನಗಟ್ಟಲೆ ಹಿಡಿಯಿತು. ಯಾವ ಹೆಸರು ಯಾರದು ಅಂತ ಅವರಿಗೆ ಮಾತ್ರ ಗೊತ್ತು, ಅಲ್ವಾ?

ಈಗ ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಅದೇ ಗಿರಾಕಿಯ ಬಾಕಿ ತೆಗೆದು ಪುಸ್ತಕದ ಜೊತೆ ತಾಳೆ ನೋಡುತ್ತೇವೆ. ಮಾಲೀಕರು ಖಾತೆ ಪುಸ್ತಕ ಇನ್ನೂ ಬಿಟ್ಟಿಲ್ಲ. ಬಿಡಿ ಅಂತ ನಾನೂ ಹೇಳಿಲ್ಲ.